ಕಾಣದ ಬದಿಯ ತುಕ್ಕು: ಅಣುಸ್ಥಾವರದ ಉಕ್ಕಿನ ಲೈನರ್ ಮತ್ತು ಸೋರಿಕೆ ಪರೀಕ್ಷೆಯ ಚರಿತ್ರೆ

ರಿಯಾಕ್ಟರನ್ನು ಆವರಿಸಿರುವ ಕಂಟೈನ್‌ಮೆಂಟ್ ಕಟ್ಟಡಕ್ಕೆ ಎರಡು ಹೊಣೆಗಳಿವೆ. ಅಪಘಾತವಾದಾಗ ಏರುವ ಒತ್ತಡವನ್ನು ತಾಳಿಕೊಳ್ಳಬೇಕು, ವಿಕಿರಣಶೀಲ ಅನಿಲ ಹೊರಹೋಗದಂತೆ ಹಿಡಿದಿಡಬೇಕು. ಬಹುಪಾಲು ಸ್ಥಾವರಗಳಲ್ಲಿ ಮೊದಲನೆಯದು ಮೀಟರಿಗೂ ಹೆಚ್ಚು ದಪ್ಪದ ಕಾಂಕ್ರೀಟಿನ ಪಾಲಿಗೆ ಬಂದರೆ, ಎರಡನೆಯದು ಆ ಗೋಡೆಯ ಒಳಮೈಗೆ ಅಂಟಿದ 6ರಿಂದ 10 ಮಿಲಿಮೀಟರ್ ದಪ್ಪದ ಉಕ್ಕಿನ ಲೈನರಿನ ಪಾಲಿಗೆ ಬಂದಿದೆ. ಈ ತೆಳು ತಗಡು ಸೋರುವುದಿಲ್ಲವೆಂದು ಹೇಗೆ ತಿಳಿಯುವುದು? ಅರವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರಗಳು ಬದಲಾಗುತ್ತ ಬಂದಿವೆ. ಆ ಬದಲಾವಣೆಗೆಲ್ಲ ಮೂಲವಾದದ್ದು ತಗಡಿನ ಒಂದು ಬದಿ ಕಣ್ಣಿಗೆ ಮರೆಯಾದದ್ದು ಎಂಬುದು ನನ್ನ ವಾದ.

1950ರ ದಶಕದಲ್ಲಿ ಅಮೆರಿಕದ ಆರಂಭಿಕ ಕಂಟೈನ್‌ಮೆಂಟ್‌ಗಳು ಬರಿಯ ಉಕ್ಕಿನ ಗೋಳಗಳಾಗಿದ್ದವು. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಮಿಲ್ಟನ್ನಿನದು 225 ಅಡಿ ವ್ಯಾಸದ್ದು, ಇಲಿನಾಯ್ಸಿನ ಡ್ರೆಸ್ಡನ್‌ನದು 190 ಅಡಿಯದು. ಇವುಗಳ ಬೆಸುಗೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ನೋಡಬಹುದಿತ್ತು. ಗಾಳಿ ತುಂಬಿ ಹೊರಗೆ ಸೋಪಿನ ನೀರು ಬಳಿದರೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆ, ಗುಳ್ಳೆ ಎದ್ದಲ್ಲಿ ಸೋರಿಕೆ ಎಂದು ತಿಳಿಯುತ್ತಿತ್ತು. 1960ರ ದಶಕದಲ್ಲಿ ಸ್ಥಾವರಗಳ ಗಾತ್ರ ಹೆಚ್ಚಿದಂತೆ ಕಾಂಕ್ರೀಟಿಗೆ ಲೈನರ್ ಹೊದಿಸುವ ಕ್ರಮ ಬಂತು. 1968ರಲ್ಲಿ ಪೂರ್ಣಪ್ರಮಾಣದಲ್ಲಿ ಕೆಲಸ ಆರಂಭಿಸಿದ ಕನೆಕ್ಟಿಕಟ್ ಯಾಂಕಿ ಸ್ಥಾವರ ಆ ತಲೆಮಾರಿನದು. ಲೈನರನ್ನೇ ಒಳಗಿನ ಸೆಂಟ್ರಿಂಗ್ ಮಾಡಿಕೊಂಡು ಕಾಂಕ್ರೀಟ್ ಸುರಿದದ್ದರಿಂದ ತಗಡಿನ ಹಿಂಬದಿ ಶಾಶ್ವತವಾಗಿ ಮುಚ್ಚಿಹೋಯಿತು. ಆದ್ದರಿಂದ ಬೆಸುಗೆಗಳ ಮೇಲೆ ನಿರ್ವಾತ ಪೆಟ್ಟಿಗೆ ಇಟ್ಟು ಗುಳ್ಳೆ ನೋಡುವುದೂ, ಹಲವೆಡೆ ಬೆಸುಗೆಯ ಉದ್ದಕ್ಕೂ ಪುಟ್ಟ ಉಕ್ಕಿನ ಕಾಲುವೆ ಕೂರಿಸಿ ಅದರೊಳಗೆ ಗಾಳಿ ಒತ್ತುವುದೂ ನಿರ್ಮಾಣದ ಹಂತದ ರೂಢಿಯಾದವು.

1973ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ತನ್ನ ನಿಯಮಾವಳಿಗೆ 'ಅಪೆಂಡಿಕ್ಸ್ ಜೆ' ಎಂಬ ಅನುಬಂಧ ಸೇರಿಸಿತು. ಇಡೀ ಕಟ್ಟಡಕ್ಕೆ ಗಾಳಿ ತುಂಬುವುದು ಎ ಬಗೆಯ ಪರೀಕ್ಷೆ. ಏರ್‌ಲಾಕ್ ಬಾಗಿಲು, ಕೇಬಲ್ ಹಾಯುವ ತೂತುಗಳದ್ದು ಬಿ, ಕೊಳವೆಗಳ ವಾಲ್ವುಗಳದ್ದು ಸಿ. ಎ ಪರೀಕ್ಷೆಯನ್ನು ಹತ್ತು ವರ್ಷಕ್ಕೆ ಮೂರು ಸಲ ಮಾಡಬೇಕಿತ್ತು.

ಎ ಪರೀಕ್ಷೆಯ ಕಷ್ಟವನ್ನು ಸ್ವಲ್ಪ ನಿಂತು ನೋಡಬೇಕು. ಅನೇಕ ಸ್ಥಾವರಗಳಿಗೆ ಅನುಮತಿ ಇರುವ ಸೋರಿಕೆ ದಿನಕ್ಕೆ ಒಳಗಿನ ಗಾಳಿಯ ತೂಕದ 0.1 ಪ್ರತಿಶತ. ಗಾಳಿಯನ್ನು ತೂಗಲು ತಕ್ಕಡಿ ಇಲ್ಲ. ಒತ್ತಡ, ಉಷ್ಣತೆ, ತೇವಾಂಶ ಅಳೆದು ಅನಿಲ ನಿಯಮದಿಂದ ಲೆಕ್ಕ ಹಾಕಬೇಕು. 300 ಕೆಲ್ವಿನ್ ಆಸುಪಾಸಿನಲ್ಲಿ ಸರಾಸರಿ ಉಷ್ಣತೆಯನ್ನು ಕೇವಲ 0.3 ಡಿಗ್ರಿ ತಪ್ಪಾಗಿ ಓದಿದರೂ ಲೆಕ್ಕ 0.1 ಪ್ರತಿಶತ ತಪ್ಪುತ್ತದೆ. ಅಂದರೆ ಹುಡುಕುತ್ತಿರುವ ಸೋರಿಕೆಯಷ್ಟೇ ದೊಡ್ಡ ತಪ್ಪು! ಅದಕ್ಕಾಗಿಯೇ ಕಟ್ಟಡದ ಉದ್ದಗಲಕ್ಕೂ ಉಷ್ಣಮಾಪಕಗಳನ್ನು ಹಂಚಿ, ಗಾಳಿ ಒಂದು ಸ್ಥಿತಿಗೆ ನಿಲ್ಲುವವರೆಗೆ ಗಂಟೆಗಟ್ಟಲೆ ಕಾಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅಳತೆ ಗೊತ್ತಿರುವ ಸಣ್ಣ ಸೋರಿಕೆಯೊಂದನ್ನು ಬೇಕೆಂದೇ ತೆರೆದು, ಉಪಕರಣಗಳು ಅದನ್ನು ಸರಿಯಾಗಿ ಗುರುತಿಸುತ್ತವೆಯೇ ಎಂದು ನೋಡುತ್ತಾರೆ. ಅಳತೆಯನ್ನೇ ಅಳೆಯುವ ಈ ಕ್ರಮವನ್ನು ನಾನು ಇಡೀ ವಿಧಾನದ ಅತ್ಯಂತ ಪ್ರಾಮಾಣಿಕ ಭಾಗವೆಂದು ತಿಳಿಯುತ್ತೇನೆ.

ಹಾಗಿದ್ದರೂ 1995ರ ಅಮೆರಿಕದ ನಿಯಂತ್ರಣ ಆಯೋಗದ ಅಧ್ಯಯನ ಬೇರೊಂದು ಚಿತ್ರ ಕೊಟ್ಟಿತು. ಸೋರಿಕೆಗಳಲ್ಲಿ ಬಹುಪಾಲು ಬಿ ಮತ್ತು ಸಿ ಪರೀಕ್ಷೆಗಳಲ್ಲೇ ಸಿಕ್ಕುತ್ತಿದ್ದವು. ಎ ಪರೀಕ್ಷೆಯಿಂದ ಮಾತ್ರ ಗೊತ್ತಾಗುವಂಥವು ಸುಮಾರು 3 ಪ್ರತಿಶತ. ಆ ವರ್ಷವೇ ಎ ಪರೀಕ್ಷೆಯನ್ನು ಹತ್ತು ವರ್ಷಕ್ಕೊಮ್ಮೆ ಮಾಡಲು ಅವಕಾಶವಾಯಿತು, ಮುಂದೆ ಅದು 15 ವರ್ಷದವರೆಗೂ ಹೋಯಿತು. 1996ರಲ್ಲಿ ಲೈನರನ್ನು ಕಣ್ಣಿನಿಂದ ಕ್ರಮಬದ್ಧವಾಗಿ ತಪಾಸಣೆ ಮಾಡುವುದು ಕಡ್ಡಾಯವಾಯಿತು. ಈ ಎರಡನೆಯ ನಿಯಮಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಏಕೆಂದರೆ ಮೂರೇ ವರ್ಷದಲ್ಲಿ, 1999ರಲ್ಲಿ, ನಾರ್ತ್ ಆ್ಯನಾ ಮತ್ತು ಬ್ರನ್ಸ್‌ವಿಕ್ ಸ್ಥಾವರಗಳ ಲೈನರುಗಳಲ್ಲಿ ಆರಪಾರ ತೂತುಗಳು ಕಂಡವು. ನಾರ್ತ್ ಆ್ಯನಾದಲ್ಲಿ ತಗಡಿನ ಹಿಂದೆ ಮರದ ತುಂಡು, ಬ್ರನ್ಸ್‌ವಿಕ್‌ನಲ್ಲಿ ಕೆಲಸಗಾರರ ಕೈಗವಸು ಕಾಂಕ್ರೀಟಿನಲ್ಲಿ ಹೂತುಹೋಗಿದ್ದವು. 2009ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಬೀವರ್ ವ್ಯಾಲಿ ಒಂದನೇ ಘಟಕದಲ್ಲಿ ಬಣ್ಣ ಉಬ್ಬಿದ್ದನ್ನು ತಪಾಸಕರು ಕಂಡರು. ಕೆರೆದು ನೋಡಿದರೆ ಸುಮಾರು 25 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲದ ತೂತು, ಹಿಂದೆ ಮತ್ತೆ ಮರದ ತುಂಡು. ಕಾಂಕ್ರೀಟಿನ ಕ್ಷಾರಗುಣ ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ. ಮರ ಒತ್ತಿಕೊಂಡಲ್ಲಿ ಆ ರಕ್ಷಣೆ ಇಲ್ಲ, ಮರ ಹಿಡಿದಿಟ್ಟ ತೇವ ದಶಕಗಟ್ಟಲೆ ಉಕ್ಕನ್ನು ಹಿಂದಿನಿಂದ ತಿನ್ನುತ್ತ ಹೋಗುತ್ತದೆ. ಎ ಪರೀಕ್ಷೆ ಒಂದು ದಿನದ ಒಂದು ಸಂಖ್ಯೆಯನ್ನಷ್ಟೇ ಕೊಡಬಲ್ಲದು. ತೂತಿನ ಹಿಂದೆ ಗಟ್ಟಿ ಕಾಂಕ್ರೀಟ್ ಇದ್ದರೆ ಆ ಸಂಖ್ಯೆಯೂ ಅಷ್ಟಾಗಿ ಕದಲುವುದಿಲ್ಲ, ನಾಳೆ ತೂತಾಗಲಿರುವ ಜಾಗದ ಬಗ್ಗೆಯಂತೂ ಅದು ಏನನ್ನೂ ಹೇಳದು.

ನಮ್ಮ ಕೈಗಾದ ಚರಿತ್ರೆ ಬೇರೆ ದಾರಿಯದು. ಅಲ್ಲಿನ 220 ಮೆಗಾವ್ಯಾಟ್ ಘಟಕಗಳಿಗೆ ಉಕ್ಕಿನ ಲೈನರ್ ಇಲ್ಲ. ಪೂರ್ವಪ್ರತಿಬಲಿತ ಕಾಂಕ್ರೀಟಿನ ಒಳಗೋಡೆ, ಅದರ ಮೇಲೆ ಎಪಾಕ್ಸಿ ಲೇಪ, ಸುತ್ತ ಇನ್ನೊಂದು ಗೋಡೆ. ನಡುವಿನ ಜಾಗದಲ್ಲಿ ಒತ್ತಡವನ್ನು ವಾತಾವರಣಕ್ಕಿಂತ ಕಡಿಮೆ ಇಟ್ಟು, ಒಳಗಿನಿಂದ ಸೋರಿದ್ದನ್ನು ಶೋಧಿಸುತ್ತಾರೆ. ಇಲ್ಲಿ ಸೋರಿಕೆಯ ಹೊಣೆಯೂ ಕಾಂಕ್ರೀಟಿನದೇ. ಹಾಗಾಗಿ 1994ರ ಮೇ 13ರಂದು, ನಿರ್ಮಾಣದಲ್ಲಿದ್ದಾಗ, ಒಂದನೇ ಘಟಕದ ಒಳಗುಮ್ಮಟದ ಕೆಳಪದರ ಕಳಚಿ ಬಿದ್ದದ್ದು ಕಟ್ಟಡದ ಬಲದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಗುಮ್ಮಟದ ವಿನ್ಯಾಸ ಪರಿಷ್ಕರಿಸಿ ಮತ್ತೆ ಕಟ್ಟಿದ ಮೇಲೆ, ಆ ಘಟಕ 2000ದಲ್ಲಿ ಚಾಲನೆಗೆ ಬಂತು. ಭಾರತದ 700 ಮೆಗಾವ್ಯಾಟ್ ಘಟಕಗಳಿಗೆ, ಕಾಕ್ರಾಪಾರದಿಂದ ಮೊದಲ್ಗೊಂಡು, ಒಳಗೋಡೆಗೆ ಉಕ್ಕಿನ ಲೈನರ್ ಹಾಕುವುದೆಂದು ತೀರ್ಮಾನವಾಯಿತು. ಕೈಗಾದ ಐದು ಮತ್ತು ಆರನೇ ಘಟಕಗಳೂ ಇದೇ ವಿನ್ಯಾಸದವು. ಅಲ್ಲಿ ಕಾಂಕ್ರೀಟ್ ಸುರಿಯುವ ಮುನ್ನ ಲೈನರಿನ ಹಿಂಬದಿಯನ್ನು ಕೈಯಿಂದ ತಡವಿ, ಕಸ, ಮರದ ತುಂಡು ತೆಗೆದು, ಭಾಗಭಾಗವಾಗಿ ಫೋಟೋ ಸಹಿತ ದಾಖಲಿಸಬೇಕು. ಆ ಬದಿಯನ್ನು ನೋಡುವ ಅವಕಾಶ ಆಮೇಲೆ ಯಾವ ಪರೀಕ್ಷೆಗೂ ಇಲ್ಲ.