ಗಣರಾಜ್ಯೋತ್ಸವದ ವಾರದ ದಿನವಿಶೇಷಗಳು



ಸಂಕ್ರಮಣ ಮುಗಿದು ಸೀತನಿಯ ದಿನಗಳು ಬಂದವೆಂದರೆ ನಮ್ಮ ಶಾಲೆಯ ಅಂಗಳದಲ್ಲಿ ಕವಾಯತಿನ ಸದ್ದು ಕೇಳತೊಡಗುತ್ತಿತ್ತು. ಪ್ರಭಾತಫೇರಿಯ ಘೋಷಣೆಗಳನ್ನು ಕಂಠಪಾಠ ಮಾಡಿಸುವುದು, ಧ್ವಜಸ್ತಂಭಕ್ಕೆ ಸುಣ್ಣ ಬಳಿಯುವುದು ಇವೆಲ್ಲ ನಿಮಗೂ ನೆನಪಿರಬಹುದು. ಜೊತೆಗೆ ನಾನು ಪ್ರತಿದಿನ ಕರಿಹಲಗೆಯ ಬಲಮೂಲೆಯಲ್ಲಿ ಬರೆಯುತ್ತಿದ್ದ ‘ದಿನವಿಶೇಷ’ವೂ ನೆನಪಿದ್ದರೆ ಈ ಮುದುಕನಿಗೆ ಸಂತೋಷ.

ಮುದ್ದೇಬಿಹಾಳ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದಾಗಿನ ಮಾತು. ಜನವರಿ 23ರಂದು ಎಂದಿನಂತೆ ‘ನೇತಾಜಿ ಸುಭಾಷಚಂದ್ರ ಬೋಸರ ಜನ್ಮದಿನ, ಕಟಕ್, 1897’ ಎಂದು ಬರೆದೆ. ಕೆಲ ದಿನಗಳ ಹಿಂದಷ್ಟೇ ಅದೇ ತರಗತಿಗೆ ತಾಳೀಕೋಟೆಯ ಯುದ್ಧದ ಪಾಠ ಮಾಡಿದ್ದೆ. ತಂಗಡಗಿಯ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, “ಸರ್, ಆ ಲಡಾಯಿನೂ ಇವತ್ತ ಆಗಿತ್ತಂತ ನೀವ ಹೇಳಿದ್ರಿ. ಹಲಿಗಿ ಮ್ಯಾಲ ಯಾಕ ಬರೀಲಿಲ್ರಿ? ಮತ್ತ ನಮ್ಮೂರಾಗ ಆಗಿದ್ದಕ್ಕ ತಾಳಿಕೋಟಿ ಹೆಸರ ಯಾಕ್ರಿ?” ಎಂದು ಕೇಳಿದ. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಮುಂದೆ ಬಹಳ ವರ್ಷಗಳ ಓದಿಗೆ ಆ ಎರಡು ಪ್ರಶ್ನೆಗಳೇ ಕಾರಣವಾದವು.

ಎರಡನೆಯ ಪ್ರಶ್ನೆಯ ಉತ್ತರ ಸುಲಭ. 1564ರ ಡಿಸೆಂಬರ್ ಕೊನೆಯಲ್ಲಿ ಬಿಜಾಪುರ, ಅಹಮದನಗರ, ಗೋಲಕೊಂಡ ಮತ್ತು ಬೀದರಿನ ಸೈನ್ಯಗಳು ಬಂದು ಬೀಡುಬಿಟ್ಟದ್ದು ಡೋಣಿ ನದಿಯ ದಂಡೆಯ ತಾಳೀಕೋಟೆಯಲ್ಲಿ. ಕದನ ನಡೆದದ್ದು ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ಕೃಷ್ಣೆಯ ತೀರದಲ್ಲಿ. ಬೀಡಿನ ಹೆಸರು ಪಠ್ಯಪುಸ್ತಕಕ್ಕೆ ಹೋಯಿತು. ರಕ್ಕಸಗಿ, ತಂಗಡಗಿಗಳ ಹೆಸರು ನಮ್ಮ ನಾಡಿನ ಬಖೈರುಗಳಲ್ಲಿಯೂ ಜನರ ಬಾಯಲ್ಲಿಯೂ ಉಳಿಯಿತು. ರಣಭೂಮಿ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನದಿಯ ದಕ್ಷಿಣಕ್ಕೆ, ಮುದಗಲ್ಲಿನ ದಿಕ್ಕಿಗೆ ಬೆರಳು ತೋರುವವರೂ ಇದ್ದಾರೆ.

ದಿನಾಂಕದಲ್ಲಿಯೂ ಒಂದು ಸ್ವಾರಸ್ಯವಿದೆ. ಇತಿಹಾಸಕಾರ ಫಿರಿಸ್ತಾ ಕೊಡುವುದು ಹಿಜರಿ 972ರ ಜಮಾದಿಲಾಖರ್ ತಿಂಗಳ 20. ಇದೇ ಕ್ರಿ.ಶ. 1565ರ ಜನವರಿ 23, ಮಂಗಳವಾರ. ಆದರೆ ಇದು ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ. ಪೋಪ್ ಗ್ರೆಗೊರಿ ಹತ್ತು ದಿನಗಳನ್ನು ಕಳೆದು ಪಂಚಾಂಗ ತಿದ್ದಿದ್ದು 1582ರಲ್ಲಿ. ಇಂದಿನ ಲೆಕ್ಕಕ್ಕೆ ತಂದರೆ ಆ ದಿನ ಫೆಬ್ರುವರಿ 2 ಆಗುತ್ತದೆ. ಹಾಗಾದರೆ ಸೀತನಿಯ ಕಾಲ ದಾಟಿ ಜೋಳದ ಕಾಳು ಗಟ್ಟಿಯಾಗುತ್ತಿದ್ದ ಹೊತ್ತು. ಲಕ್ಷಾಂತರ ಕಾಲುಗಳು ತುಳಿದ ಆ ಹೊಲಗಳ ಒಕ್ಕಲಿಗರ ಗತಿ ಏನಾಯಿತೋ ಎಂಬ ಯೋಚನೆ ನನ್ನನ್ನು ಆಗಾಗ ಕಾಡುತ್ತದೆ. ಅವರ ಬಖೈರನ್ನು ಯಾರೂ ಬರೆಯಲಿಲ್ಲ.

ಇನ್ನು ಮೊದಲನೆಯ ಪ್ರಶ್ನೆ. ಹಲಗೆಯ ಮೇಲೆ ನಾನು ಅದನ್ನೇಕೆ ಬರೆಯಲಿಲ್ಲ? ನಿಜ ಹೇಳುತ್ತೇನೆ. ಆ ವರ್ಷ ಪಾಠ ಮಾಡುವಾಗ ಉತ್ಸಾಹದ ಭರದಲ್ಲಿ ‘ನಮ್ಮವರು’, ‘ಅವರು’ ಎಂಬ ಪದಗಳನ್ನು ಧಾರಾಳವಾಗಿ ಬಳಸಿದ್ದೆ. ಎರಡನೆಯ ಸಾಲಿನಲ್ಲಿದ್ದ ಮುಸಲ್ಮಾನರ ಹುಡುಗನೊಬ್ಬ ಪಾಠ ಮುಗಿಯುವವರೆಗೂ ತಲೆ ಎತ್ತಲಿಲ್ಲ. ದಿನವೂ ಎಲ್ಲರಿಗಿಂತ ಮೊದಲು ಕೈಯೆತ್ತುವ ಹುಡುಗ ಅವನು. ಅವನು ಮಾಡಿದ ತಪ್ಪಾದರೂ ಏನು? ಅಂದು ಮನೆಗೆ ಹೋದ ಮೇಲೆ ನನಗೆ ಊಟ ಸೇರಲಿಲ್ಲ. 23ರ ಬೆಳಗ್ಗೆ ಸೀಮೆಸುಣ್ಣ ಹಿಡಿದಾಗ ಕೈ ಹಿಂದೆಗೆದದ್ದು ಆ ಕಾರಣಕ್ಕೆ.

ಓದುತ್ತ ಹೋದಂತೆ ನನ್ನ ಪಾಠವು ಇತಿಹಾಸದ ದೃಷ್ಟಿಯಿಂದಲೂ ಸರಿಯಿರಲಿಲ್ಲವೆಂದು ತಿಳಿಯಿತು. ಅಳಿಯ ರಾಮರಾಯನೊಡನೆ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋದವನು ಬಿಜಾಪುರದ ಒಂದನೆಯ ಅಲಿ ಆದಿಲಶಾಹನೇ. ಗೋಲಕೊಂಡದ ಇಬ್ರಾಹಿಂ ಕುತುಬಶಾಹನು ಪಟ್ಟಕ್ಕೆ ಬರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು. ಸುಲ್ತಾನರನ್ನು ಪರಸ್ಪರ ಹೊಡೆದಾಡಿಸಿ ತಾನು ಬೆಳೆಯುವುದು ರಾಮರಾಯನ ರಾಜನೀತಿಯಾಗಿತ್ತು; ಅದು ಅತಿಯಾದಾಗ ಅವರು ಒಂದಾದರು. ಒಂದಾಗಲು ಬೀಗತನವೂ ಬೇಕಾಯಿತು. ಅಹಮದನಗರದ ಹುಸೇನ ನಿಜಾಮಶಾಹನ ಮಗಳು ಚಾಂದಬೀಬಿ ಅಲಿ ಆದಿಲಶಾಹನನ್ನು ವರಿಸಿದಳು. ಅಲಿಯ ತಂಗಿ ಹುಸೇನನ ಮಗನ ಮಡದಿಯಾದಳು. ಚಾಂದಬೀಬಿಯ ಜೊತೆ ವರದಕ್ಷಿಣೆಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಇಂಡಿಯ ಕಡೆಯ ಬಂಧುಗಳೇ, ನೀವು ಸಂತೆ, ಬಟ್ಟೆಬರೆಗೆಂದು ಹೋಗುವ ಅದೇ ಸೊಲ್ಲಾಪುರ!

ಯುದ್ಧದ ಕಥೆ ನಿಮಗೆ ಗೊತ್ತಿರುವುದೇ. ವಯೋವೃದ್ಧ ರಾಮರಾಯ ಸೆರೆಸಿಕ್ಕ. ಹುಸೇನ ನಿಜಾಮಶಾಹನ ಅಪ್ಪಣೆಯಂತೆ ಅವನ ಶಿರಚ್ಛೇದವಾಯಿತು. ತಮ್ಮನಾದ ತಿರುಮಲನು ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಹೋದ. ತಿಂಗಳುಗಟ್ಟಲೆ ಹಂಪೆ ಲೂಟಿಯಾಯಿತು. ಇದರಲ್ಲಿ ಮುಚ್ಚಿಡಬೇಕಾದುದೇನೂ ಇಲ್ಲ. ಮಕ್ಕಳಿಗೆ ಅದನ್ನು ಹೇಳಲೇಬೇಕು. ಆದರೆ ಗೆದ್ದ ಸುಲ್ತಾನರು ಹೆಚ್ಚು ಕಾಲ ಒಟ್ಟಿಗೆ ಇರಲಿಲ್ಲ, ತಮ್ಮತಮ್ಮಲ್ಲಿಯೇ ಕಾದಾಡಿದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮರುವರ್ಷ ನಾನು ಹಾಗೆಯೇ ಪಾಠ ಮಾಡಿದೆ. ತಲೆ ತಗ್ಗಿಸಿದ್ದ ಹುಡುಗ ಅಷ್ಟರಲ್ಲಿ ಮುಂದಿನ ತರಗತಿಗೆ ಹೋಗಿಬಿಟ್ಟಿದ್ದ.

ಈ ವಾರದ ಉಳಿದ ದಿನಗಳ ಕುರಿತು ಸಂಕ್ಷಿಪ್ತವಾಗಿ ಬರೆಯುತ್ತೇನೆ. ಜನವರಿ 21 ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ದಿನ. ಬಸವನ ಬಾಗೇವಾಡಿ, ಸಿಂದಗಿಗಳ ಕಡೆಯ ಬಡಮಕ್ಕಳು ಅಷ್ಟು ದೂರದ ತುಮಕೂರಿಗೆ ಹೋಗಿ ಉಂಡು ಓದಿ ಬಂದದ್ದನ್ನು ಕಂಡವನು ನಾನು. 24ರಂದು, 2011ರಲ್ಲಿ ಪಂಡಿತ ಭೀಮಸೇನ ಜೋಶಿಯವರು ಪುಣೆಯಲ್ಲಿ ತೀರಿಕೊಂಡರು.

ಅದೇ ಜನವರಿ 24ರಂದು, 1950ರಲ್ಲಿ, ಸಂವಿಧಾನ ಸಭೆಯ ಸದಸ್ಯರು ಸಂವಿಧಾನದ ಪ್ರತಿಗಳಿಗೆ ಸಹಿ ಹಾಕಿದರು. ಜನಗಣಮನವನ್ನು ರಾಷ್ಟ್ರಗೀತೆಯೆಂದು ಘೋಷಿಸಿದ್ದೂ, ರಾಜೇಂದ್ರಪ್ರಸಾದರನ್ನು ರಾಷ್ಟ್ರಪತಿಯಾಗಿ ಆರಿಸಿದ್ದೂ ಅಂದೇ. ಮರುದಿನ, 25ರಂದು ಚುನಾವಣಾ ಆಯೋಗ ಸ್ಥಾಪನೆಯಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಆಗ ಮುಂಬಯಿ ರಾಜ್ಯಕ್ಕೆ ಸೇರಿದ್ದವೆಂಬುದನ್ನು ಇಂದಿನ ಮಕ್ಕಳು ನಂಬುವುದಿಲ್ಲ. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. 1952ರ ಮೊದಲ ಚುನಾವಣೆಯಲ್ಲಿ ನನ್ನ ಅವ್ವನ ಸೆರಗು ಹಿಡಿದು ಮತಗಟ್ಟೆಯ ಬಾಗಿಲವರೆಗೆ ಹೋಗಿದ್ದೆ. ಆಗ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಗುರುತು. ಓದು ಬರಹ ಬಾರದ ಅವ್ವ ಹೊರಬಂದು, ಯಾವ ಪೆಟ್ಟಿಗೆಗೆ ಹಾಕಿದೆಯೆಂದು ಅಪ್ಪ ಕೇಳಿದರೆ, ನಕ್ಕಳೇ ಹೊರತು ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

26ನೆಯ ತಾರೀಖಿನ ಮಹತ್ವವನ್ನು ನಿಮಗೆ ಹೇಳಬೇಕಿಲ್ಲ. 1930ರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಕೈಗೊಂಡ ದಿನವೆಂದೇ ಅದನ್ನು ಗಣರಾಜ್ಯಕ್ಕೆ ಆರಿಸಿಕೊಂಡರು. ಆದರೆ ಅದಕ್ಕೂ ನೂರು ವರ್ಷದಷ್ಟು ಹಿಂದೆ, 1831ರ ಅದೇ ದಿನ ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಧ್ವಜ ಏರಿಸುವಾಗ ಅವನ ಹೆಸರನ್ನೂ ಕೂಗಿಸುವ ಪದ್ಧತಿಯನ್ನು ನಾನಿದ್ದ ಶಾಲೆಗಳಲ್ಲಿ ಇಟ್ಟುಕೊಂಡಿದ್ದೆ.

ನಿವೃತ್ತನಾದ ಮೇಲೆ ಒಮ್ಮೆ ಜನವರಿ 23ರಂದೇ ತಂಗಡಗಿಗೆ ಹೋಗಿದ್ದೆ. ಬಸವಣ್ಣನವರ ಮಡದಿ ನೀಲಮ್ಮ ತಾಯಿ ಐಕ್ಯರಾದ ಸ್ಥಳವೆಂದು ಜನ ನಡೆದುಕೊಳ್ಳುವ ಊರು ಅದು. ನಾರಾಯಣಪುರ ಜಲಾಶಯದ ಹಿನ್ನೀರು ಹರವಿಕೊಂಡು ನಿಂತಿತ್ತು. ಹಳೆಯ ಕಾಲದ ಹಾಯಿಗಡಗಳು ಎಲ್ಲಿದ್ದವೆಂದು ತೋರಿಸುವವರು ಯಾರೂ ಸಿಗಲಿಲ್ಲ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಇಬ್ಬರು, “ಯಾರ ಮನಿಗೆ ಬಂದೀರ್ರಿ?” ಎಂದು ಕೇಳಿದರು. ಯುದ್ಧ ನೋಡಲು ಬಂದೆನೆಂದು ಹೇಳಲು ನಾಚಿಕೆಯಾಗಿ, ನೀಲಮ್ಮನ ಗುಡಿಗೆ ಬಂದೆ ಎಂದೆ. ಗುಡಿಗೂ ಹೋಗಿ ಕಾಯಿ ಒಡೆಸಿಕೊಂಡು ಬಂದೆನೆನ್ನಿ.