ಮಜ್ಜೆಯ ದಾನವೂ ಶಿಲೀಂಧ್ರದ ಹೊಂಚೂ

ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಆ ಮುಂಬಯಿಯಲ್ಲಿಯೇ, 1941ರಲ್ಲಿ ಸ್ಥಾಪಿತವಾದ ಟಾಟಾ ಸ್ಮಾರಕ ಆಸ್ಪತ್ರೆಯೊಳಗೆ, 1983ರಲ್ಲಿ ಡಾ. ಸುರೇಶ ಅಡ್ವಾಣಿಯವರು ಭರತಖಂಡದ ಮೊದಲ ಅಸ್ಥಿಮಜ್ಜೆಯ ಕಸಿಯನ್ನು ನೆರವೇರಿಸಿದರು. ರಕ್ತದ ಅರ್ಬುದದಿಂದ ಬಳಲುತ್ತಿದ್ದ ಒಂಬತ್ತು ವರ್ಷದ ಬಾಲಿಕೆಗೆ ಸೋದರನೇ ಮಜ್ಜೆಯಿತ್ತನು.

ಕಸಿಗೆ ಮುನ್ನ ರೋಗಿಯ ಹಳೆಯ ಮಜ್ಜೆಯನ್ನು ಉಗ್ರವಾದ ಔಷಧಗಳಿಂದ ಅಳಿಸುವುದುಂಟು. ಹೊಸತು ಬೇರೂರುವವರೆಗೆ, ಎಂದರೆ ಸುಮಾರು ಎರಡು ಮೂರು ವಾರ, ದೇಹವು ಕಾವಲಿಲ್ಲದ ಕೋಟೆಯಂತಿರುವುದು. ಕರುಳಿನಲ್ಲಿ ತೆಪ್ಪಗಿದ್ದ ಕ್ಯಾಂಡಿಡಾ ಎಂಬ ಶಿಲೀಂಧ್ರವು ಆಗ ರಕ್ತವನ್ನು ಹೊಗಬಹುದು; ಗಾಳಿಯಲ್ಲಿ ತೇಲುವ ಆಸ್ಪರ್ಜಿಲಸ್ ಶ್ವಾಸಕೋಶವನ್ನು ಹಿಡಿಯಬಹುದು.

ಆದರೆ ಈ ಅಪಾಯವು ಸರ್ವರಿಗೂ ಸಮನಲ್ಲ. ಶಿಲೀಂಧ್ರದ ಹೊರಗೋಡೆಯನ್ನು ಗುರುತಿಸುವ ಡೆಕ್ಟಿನ್-1 ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವುಳ್ಳ ರೋಗಿಗಳ ಮೈಯಲ್ಲಿ ಕ್ಯಾಂಡಿಡಾ ಹೆಚ್ಚಾಗಿ ನೆಲಸುವುದೆಂದು 2009ರಲ್ಲಿ ಪ್ರಕಟವಾಯಿತು. ದಾನಿಯ ಪೆಂಟ್ರಾಕ್ಸಿನ್-3 ವಂಶವಾಹಿಯ ಕೊರತೆಯು ಮಜ್ಜೆಯನ್ನು ಪಡೆದವನಲ್ಲಿ ಆಸ್ಪರ್ಜಿಲಸ್ ಬಾಧೆಯನ್ನು ಹೆಚ್ಚಿಸುವುದೆಂದು 2014ರಲ್ಲಿ ತಿಳಿಯಿತು. ಕೊಟ್ಟವನು ಆರೋಗ್ಯವಂತನೇ; ಆದರೂ ಅವನ ಕೊರತೆಯು ದಾನದೊಡನೆ ಸಾಗುವುದು.

ಆದುದರಿಂದ ಒಡಹುಟ್ಟಿದವರ ಮಜ್ಜೆಯು ಹೊಂದಿದ ಮಾತ್ರಕ್ಕೆ ಗಂಡಾಂತರವು ಕಳೆಯಿತೆನ್ನಲಾಗದು. ಹೊಸ ಕಾವಲು ನಿಲ್ಲುವವರೆಗೆ ಶುದ್ಧವಾದ ಗಾಳಿಯೂ ಶಿಲೀಂಧ್ರನಾಶಕ ಔಷಧವೂ ಬಿಡದ ಎಚ್ಚರವೂ ರೋಗಿಗೆ ಆಧಾರ.