ಗ್ವಾಂಗ್ಜು ದಂಗೆ: ವಿದೇಶಿ ಹೊಣೆಯ ವಾದಗಳು

ದಕ್ಷಿಣ ಕೊರಿಯದ ಗ್ವಾಂಗ್ಜು ನಗರದಲ್ಲಿ 1980ರ ಮೇ 18ರಿಂದ 27ರವರೆಗೆ ನಡೆದ ಜನದಂಗೆಗೆ ಅಥವಾ ಸೇನೆ ಅದನ್ನು ಅಡಗಿಸಿದ್ದಕ್ಕೆ ಹೊರದೇಶಗಳನ್ನು ಹೊಣೆಯಾಗಿಸುವ ಇತಿಹಾಸ ವ್ಯಾಖ್ಯಾನಗಳು. ಉತ್ತರ ಕೊರಿಯದ ಯೋಧರು ನುಸುಳಿ ದಂಗೆ ಎಬ್ಬಿಸಿದರೆಂಬ ವಾದಕ್ಕೆ ಪುರಾವೆಯಿಲ್ಲ. ಸತ್ತವರಿಗೆ ಕಳಂಕ ಹಚ್ಚುವುದಷ್ಟೇ ಅದರ ಫಲ.

ದಮನಕ್ಕೆ ಅಮೆರಿಕವೂ ಹೊಣೆಯೆಂಬ ಆರೋಪವನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. ಮೊದಲ ದಿನಗಳ ಹತ್ಯೆ ನಡೆಸಿದ ದಕ್ಷಿಣ ಕೊರಿಯದ ವಿಶೇಷ ಪಡೆಗಳು ಆ ದೇಶ ಮತ್ತು ಅಮೆರಿಕಗಳ ಜಂಟಿ ಕಮಾಂಡಿನ ಅಧೀನದಲ್ಲಿರಲಿಲ್ಲ. ಅವುಗಳ ನಿಯೋಜನೆ ತನಗೆ ಮೊದಲೇ ತಿಳಿದಿರಲಿಲ್ಲವೆಂದು ಅಮೆರಿಕ ಸರ್ಕಾರ 1989ರ ಹೇಳಿಕೆಯಲ್ಲಿ ವಾದಿಸಿತು. ಆದರೆ ಪ್ರತಿಭಟನೆ ಹತ್ತಿಕ್ಕಲು ಅಗತ್ಯಬಿದ್ದರೆ ಸೇನೆ ಬಳಸುವ ಯೋಜನೆಯನ್ನು ಅಮೆರಿಕ 1980ರ ಮೇ ಆರಂಭದಲ್ಲೇ ವಿರೋಧಿಸಿರಲಿಲ್ಲವೆಂದು 1996ರಲ್ಲಿ ಬೆಳಕಿಗೆ ಬಂದ ರಹಸ್ಯ ಕಡತಗಳು ತೋರಿಸುತ್ತವೆ. ದಂಗೆ ಎದ್ದವರ ಕೈಯಲ್ಲಿದ್ದ ನಗರವನ್ನು ಮರಳಿ ವಶಪಡಿಸಿಕೊಳ್ಳಲು ದಕ್ಷಿಣ ಕೊರಿಯ ಸೇನೆಯ 20ನೇ ಡಿವಿಷನ್ನಿನ ಬಳಕೆಗೆ ಅಮೆರಿಕದ ಸಮ್ಮತಿಯೂ ಇತ್ತು. ಸಾರ್ವಭೌಮ ಮಿತ್ರರಾಷ್ಟ್ರವನ್ನು ತಡೆಯುವ ಅಧಿಕಾರ ಅಮೆರಿಕಕ್ಕಿರಲಿಲ್ಲ ಎಂಬ ಆಕ್ಷೇಪ ಕಾನೂನಿನ ಮಟ್ಟಿಗೆ ಸರಿ. ಆದರೆ ತಡೆಯಲಾಗದಿರುವುದು ಬೇರೆ, ಸಮ್ಮತಿಸುವುದು ಬೇರೆ. ಹಾಗೆಂದು ಸಮ್ಮತಿಯನ್ನು ಆದೇಶವೆಂದು ಬರೆದರೆ ಗುಂಡು ಹಾರಿಸಲು ಕಾರಣರಾದವರೇ ಪಾರಾಗುತ್ತಾರೆ. ಆ ಮುಖ್ಯ ಹೊಣೆ ಸೇನಾಡಳಿತಗಾರ ಚುನ್ ದೂ-ಹ್ವಾನ್ ಬಳಗದ್ದು. ಆತನ ಜೀವಾವಧಿ ಶಿಕ್ಷೆಯನ್ನು ದಕ್ಷಿಣ ಕೊರಿಯದ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಎತ್ತಿಹಿಡಿಯಿತು.